ಬೇಸಿಗೆಯ ಹೂದಾನಿಗೆ ಮನೆಯದೇ ಹೂವು: ಬೀಜ, ಗೆಡ್ಡೆ ಎಲ್ಲಿಂದ ತಂದರೆ ಚೆನ್ನ?

ಹೂದಾನಿಗೆಂದು ಮನೆಯಲ್ಲೇ ಹೂ ಬೆಳೆಸುವ ಆಸೆ ಇದ್ದರೆ, ಬೀಜದ ಪೊಟ್ಟಣದ ಮುಂದಿನ ಚಿತ್ರ ಬಿಟ್ಟು ಹಿಂದೆ ತಿರುಗಿಸಿ ನೋಡಿ. ಗಿಡ ಎಷ್ಟು ಎತ್ತರ ಬೆಳೆಯುತ್ತದೆ ಅಂತ ಬರೆದಿದೆಯಾ? ಒಂದಡಿ ಅಂತ ಇದ್ದರೆ ಅಲ್ಲೇ ಇಟ್ಟು ಬನ್ನಿ. ಎತ್ತರವನ್ನೇ ಬರೆದಿಲ್ಲದಿದ್ದರೂ ಅಷ್ಟೇ. ಹೂವು ಎಷ್ಟೇ ಚೆಂದ ಇರಲಿ, ಕಡ್ಡಿ ಗೇಣುದ್ದವೂ ಇಲ್ಲದಿದ್ದರೆ ಹೂದಾನಿಯಲ್ಲಿ ನಿಲ್ಲುವುದಿಲ್ಲ.

ಇದನ್ನು ಒತ್ತಿ ಹೇಳಲು ಕಾರಣ ಇದೆ. ನಮ್ಮ ಕಡೆ ಹೂವು ಅಂದರೆ ಬಿಡಿ ಹೂವು. ಮೊಳ, ಮಾರು, ಕೆಜಿ ಲೆಕ್ಕದ ಹೂವು. ಕೆ.ಆರ್. ಮಾರ್ಕೆಟ್‌ಗೆ ರಾಶಿ ರಾಶಿ ಬರುವ ಸೇವಂತಿಗೆ, ಚೆಂಡು ಹೂವು, ಆಸ್ಟರ್ ಯಾವುದಕ್ಕೂ ಉದ್ದ ಕಡ್ಡಿ ಬೇಕಿಲ್ಲ. ದಾರಕ್ಕೆ ಸಿಗುವಷ್ಟು ತೊಟ್ಟಿದ್ದರೆ ಸಾಕು. ಇನ್ನು ಚಳಿಗಾಲಕ್ಕೆ ನರ್ಸರಿಗಳಿಗೆ ಟ್ರೇಗಟ್ಟಲೆ ಬರುವ ಸಸಿಗಳನ್ನು ನೋಡಿ. ಕುಂಡದಲ್ಲಿ ಗುಂಡಗೆ ತುಂಬಿಕೊಳ್ಳಲಿ ಅಂತ ಬೆಳೆಸಿದ ಗಿಡ್ಡ ತಳಿಗಳೇ ಅಲ್ಲಿ ಜಾಸ್ತಿ. ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದಲ್ಲಿ ಸಾಲಾಗಿ ಜೋಡಿಸಿಟ್ಟಿರುತ್ತಾರಲ್ಲ, ಅಂಥವು. ಕುಂಡದಲ್ಲಿ ನೋಡಲು ಬಲು ಚೆಂದ. ಕತ್ತರಿಸಲು ಹೋದರೆ ನಾಲ್ಕು ಬೆರಳಿನ ಕಡ್ಡಿ ಸಿಗುತ್ತದೆ. ಹಾಗಾಗಿ ಉದ್ದ ಕಡ್ಡಿಯ ತಳಿಯನ್ನು ಹೆಸರು ಹಿಡಿದು ಕೇಳಿಯೇ ತರಬೇಕು.

ನಮ್ಮ ಮನೆ ಬೆಂಗಳೂರಿನ ಬನಶಂಕರಿ ಕಡೆ. ನೆಲದಲ್ಲಿ ಜಾಗ ಇಲ್ಲ, ತಾರಸಿಯಲ್ಲೇ ಗ್ರೋ ಬ್ಯಾಗ್‌ಗಳು. ಈ ಬೇಸಿಗೆಗೆ ಮೂರು ಕಡೆಯಿಂದ ತಂದೆ. ಹೆಸರಘಟ್ಟದ ಐಐಎಚ್‌ಆರ್‌ನಿಂದ ಆಸ್ಟರ್ ಬೀಜ ಮತ್ತು ಸುಗಂಧರಾಜದ ಗೆಡ್ಡೆ. ಲಾಲ್‌ಬಾಗ್ ಪಕ್ಕದ ಸಿದ್ದಾಪುರದಿಂದ ಜಿನಿಯಾ ಬೀಜ. ಆನ್‌ಲೈನ್‌ನಲ್ಲಿ ಒಂದು 'ಸಮ್ಮರ್ ಬೊಕೆ' ಕಿಟ್. ಹೂವು ಬಂದು, ಕತ್ತರಿಸಿ, ಹೂದಾನಿಯಲ್ಲಿಟ್ಟು ನೋಡಿದ ಮೇಲೆ ಬರೆಯುತ್ತಿದ್ದೇನೆ.

ಮೊದಲು ಆಸ್ಟರ್. ಮೂರರಲ್ಲಿ ನನಗೆ ತುಂಬಾ ಹಿಡಿಸಿದ್ದು ಇದೇ.

ಐಐಎಚ್‌ಆರ್ ಅಂದರೆ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ. 1967ರಲ್ಲಿ ಶುರುವಾದದ್ದು. ಹಣ್ಣು, ತರಕಾರಿಯ ಜೊತೆಗೆ ಹೂವಿನ ತಳಿಗಳನ್ನೂ ಇಲ್ಲಿ ಬೆಳೆಸಿ ಬಿಡುಗಡೆ ಮಾಡುತ್ತಾರೆ. ಆಸ್ಟರ್‌ನಲ್ಲೇ ಕಾಮಿನಿ, ಪೂರ್ಣಿಮಾ, ಶಶಾಂಕ್, ವೈಲೆಟ್ ಕುಷನ್ ಅಂತ ಇವೆ. ಕಾಮಿನಿ ಗುಲಾಬಿ ಬಣ್ಣ. ಪೂರ್ಣಿಮಾ ಬಿಳಿ. ಶಶಾಂಕ್ ಕೆನೆ ಬಣ್ಣಕ್ಕೆ ತಿರುಗಿದ ಬಿಳಿ. ವೈಲೆಟ್ ಕುಷನ್ ಹೆಸರೇ ಹೇಳುವ ಹಾಗೆ ನೇರಳೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹೋಗುವಾಗ ಆಸ್ಟರ್ ಹೊಲ ನೋಡಿರುತ್ತೀರಿ. ನಮ್ಮ ಬಯಲುಸೀಮೆಯ ಬಿಸಿಲು, ಮಣ್ಣು ಈ ಗಿಡಕ್ಕೆ ಹೊಸದಲ್ಲ. ತಾರಸಿಯಲ್ಲಿ ಬೆಳೆಯುವವರಿಗೆ ಇದೇ ದೊಡ್ಡ ಧೈರ್ಯ.

ನಾನು ತಂದದ್ದು ಕಾಮಿನಿ ಮತ್ತು ವೈಲೆಟ್ ಕುಷನ್. ನವೆಂಬರ್‌ನಲ್ಲಿ ಪ್ರೊ ಟ್ರೇಗೆ, ಅಂದರೆ ಸಸಿ ಎಬ್ಬಿಸುವ ಗುಳಿ ಗುಳಿಯ ತಟ್ಟೆಗೆ ಹಾಕಿದೆ. ಅರ್ಧ ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಅರ್ಧ ಎರೆಗೊಬ್ಬರ. ಬೀಜ ಸಣ್ಣದು, ಮೇಲೆ ತೆಳ್ಳಗೆ ಕೊಕೊಪೀಟ್ ಉದುರಿಸಿದರೆ ಸಾಕು. ಮೊಳಕೆ ಚೆನ್ನಾಗಿ ಬಂತು. ನಾಲ್ಕೈದು ಎಲೆ ಆದ ಮೇಲೆ ಗ್ರೋ ಬ್ಯಾಗ್‌ಗೆ ಬದಲಾಯಿಸಿದೆ. ಗಿಡದಿಂದ ಗಿಡಕ್ಕೆ ಒಂದಡಿ ಜಾಗ ಬೇಕು. ತೀರ ಇಕ್ಕಟ್ಟಾದರೆ ಕೆಳಗಿನ ಎಲೆಗಳಿಗೆ ಗಾಳಿಯಾಡದೆ ಹಳದಿಯಾಗುತ್ತವೆ. ಬಿತ್ತಿದಾಗಿನಿಂದ ಹೂವಿಗೆ ಸುಮಾರು ನಾಲ್ಕು ತಿಂಗಳು. ಅಂದರೆ ಮಾರ್ಚ್, ಏಪ್ರಿಲ್‌ನಲ್ಲಿ ಹೂವು ಬೇಕಾದರೆ ದೀಪಾವಳಿ ಮುಗಿದ ಮೇಲೆ ತಡ ಮಾಡಬಾರದು. ಬೇಸಿಗೆ ಬಂತು, ಹೂ ಬೆಳೆಯೋಣ ಅಂತ ಫೆಬ್ರುವರಿ ಕೊನೆಗೆ ಬೀಜ ಹುಡುಕಿದರೆ ಆಸ್ಟರ್ ಮಟ್ಟಿಗೆ ಆಗಲೇ ಹೊತ್ತು ಮೀರಿರುತ್ತದೆ.

ಕಾಮಿನಿಯ ಗಿಡ ಎರಡಡಿ ಬಂತು. ಕಡ್ಡಿ ಒಂದಡಿ ಉದ್ದಕ್ಕೆ ಆರಾಮವಾಗಿ ಸಿಕ್ಕಿತು. ಕಡ್ಡಿಯ ಮೇಲೆ ಸಣ್ಣ ರೋಮ, ಮುಟ್ಟಿದರೆ ಒರಟು. ಬಾಗುವುದಿಲ್ಲ, ನೆಟ್ಟಗೆ ನಿಲ್ಲುತ್ತದೆ. ಹೊರಗಿನ ಎರಡು ಮೂರು ಸುತ್ತು ಎಸಳು ಬಿಚ್ಚಿ, ಒಳಗಿನವು ಇನ್ನೂ ಬಿಗಿಯಾಗಿ ಮುಚ್ಚಿಕೊಂಡಿರುವಾಗ ಕತ್ತರಿಸಬೇಕು. ಹಾಗೆ ಕತ್ತರಿಸಿದ್ದು ನಮ್ಮ ಹಾಲ್‌ನಲ್ಲಿ ಒಂದು ವಾರ ಚೆನ್ನಾಗಿತ್ತು. ಏಪ್ರಿಲ್ ಸೆಕೆಯಲ್ಲಿ ಒಂದು ವಾರ ಅಂದರೆ ಸಣ್ಣ ಮಾತಲ್ಲ. ಅಂಗಡಿಯಿಂದ ತಂದ ಬೊಕೆಯ ಜರ್ಬೆರಾ ಮೂರನೇ ದಿನಕ್ಕೇ ತಲೆ ಬಾಗಿಸುವುದನ್ನು ನೀವೂ ನೋಡಿರುತ್ತೀರಿ, ಅಲ್ವಾ?

ಆಸ್ಟರ್ ಬಗ್ಗೆ ಎರಡು ವಿಷಯ ಗೊತ್ತಿರಬೇಕು. ಇದರ ಬೀಜಕ್ಕೆ ಆಯಸ್ಸು ಕಡಿಮೆ. ಮಿಕ್ಕಿದ್ದನ್ನು ಡಬ್ಬಿಯಲ್ಲಿಟ್ಟು ಎರಡು ವರ್ಷ ಬಿಟ್ಟು ಹಾಕುತ್ತೇನೆ ಅಂದರೆ ನಡೆಯುವುದಿಲ್ಲ, ಅಕ್ಕಪಕ್ಕದವರಿಗೆ ಹಂಚಿಬಿಡಿ. ಇನ್ನೊಂದು, ಆಸ್ಟರ್ ಬೆಳೆದ ಮಣ್ಣಲ್ಲಿ ಮತ್ತೆ ಆಸ್ಟರ್ ಹಾಕಬಾರದು. ಸೊರಗು ರೋಗದ ಶಿಲೀಂಧ್ರ ಮಣ್ಣಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಆ ಬ್ಯಾಗ್‌ನಲ್ಲಿ ಈಗ ಹುರುಳಿಕಾಯಿ ಹಾಕಿದ್ದೇನೆ.

ಒಂದೇ ಕೊರತೆ ಅಂದರೆ, ಮುಖ್ಯ ಕಡ್ಡಿಗಳು ಕತ್ತರಿಸಿ ಆದ ಮೇಲೆ ಆಸ್ಟರ್ ಮತ್ತೆ ಮತ್ತೆ ಚಿಗುರಿ ಕೊಡುವ ಗಿಡ ಅಲ್ಲ. ಅದಕ್ಕೆ ಎಲ್ಲ ಬೀಜವನ್ನೂ ಒಂದೇ ದಿನ ಹಾಕಬೇಡಿ. ಎರಡು ಮೂರು ವಾರ ಬಿಟ್ಟು ಬಿಟ್ಟು ಹಾಕಿ. ಆಗ ಯುಗಾದಿಗೂ ಹೂವು ಇರುತ್ತದೆ, ಮೇ ತಿಂಗಳ ಮದುವೆ ಮನೆಗೂ ಒಯ್ಯಬಹುದು.

ಇನ್ನು ಸುಗಂಧರಾಜ. ಇದರಲ್ಲಿ ಐಐಎಚ್‌ಆರ್ ಮಾಡಿರುವ ಕೆಲಸ ನೋಡಿದರೆ ನನಗೆ ನಿಜವಾಗಿಯೂ ಹೆಮ್ಮೆ. ಈ ಹೂವಿನ ಮೂಲ ಮೆಕ್ಸಿಕೋ. ಆದರೆ ನಮ್ಮಲ್ಲಿ ಮದುವೆಯ ಹಾರ ಇದಿಲ್ಲದೆ ಆಗುತ್ತದಾ? ಹಾರಕ್ಕೆ ಹೋಗುವುದು ಒಂದೇ ಸುತ್ತಿನ ಎಸಳಿನದು. ಕಡ್ಡಿಯಾಗಿ ಮಾರುವುದು ಹಲವು ಸುತ್ತಿನದು. ಇಲ್ಲಿ ಎರಡೂ ಬಗೆಯಲ್ಲಿ ತಳಿಗಳಿವೆ. ಅರ್ಕಾ ಪ್ರಜ್ವಲ್ ಒಂದು ಸುತ್ತಿನದು, ಅರ್ಕಾ ಸುವಾಸಿನಿ ಹಲವು ಸುತ್ತಿನದು. ಶೃಂಗಾರ್ ಅನ್ನುವ ತಳಿ ಬೇರುಗಂಟು ಹುಳುವಿನ ಕಾಟ ತಡೆಯುತ್ತದೆ. ಬೇರಲ್ಲಿ ಗಂಟು ಕಟ್ಟಿಕೊಂಡು ಗಿಡ ಸೊರಗುವುದು ಸುಗಂಧರಾಜಕ್ಕೆ ದೊಡ್ಡ ತಲೆನೋವು. ನೆಲದಲ್ಲಿ ಬೆಳೆಯುವವರು ಈ ತಳಿಯನ್ನೇ ಕೇಳಿ.

ನಾನು ಪ್ರಜ್ವಲ್ ಮತ್ತು ಸುವಾಸಿನಿ ಎರಡನ್ನೂ ಇಟ್ಟುಕೊಂಡಿದ್ದೇನೆ. ಇದು ಈ ವರ್ಷ ಹಾಕಿ ಈ ಬೇಸಿಗೆಗೇ ಕೊಯ್ಯುವ ಹೂವಲ್ಲ. ಗೆಡ್ಡೆ ನೆಟ್ಟು ಮೂರು ನಾಲ್ಕು ತಿಂಗಳಿಗೆ ಕಡ್ಡಿ ಬರುತ್ತದೆ. ಮಾರ್ಚ್‌ನಲ್ಲಿ ನೆಟ್ಟರೆ ಮಳೆಗಾಲಕ್ಕೆ ಹೂವು. ಏಪ್ರಿಲ್‌ನಲ್ಲೇ ಬೇಕು ಅಂದರೆ ಹಿಂದಿನ ವರ್ಷವೇ ನೆಟ್ಟಿರಬೇಕು. ನಮ್ಮ ಮನೆಯಲ್ಲಿ ಈ ಬೇಸಿಗೆಗೆ ಹೂ ಕೊಟ್ಟಿದ್ದು ಹೋದ ವರ್ಷದ ಗೆಡ್ಡೆಗಳು, ಈಗ ತಂದವು ಮುಂದಿನದಕ್ಕೆ. ಒಮ್ಮೆ ಹೂ ಬಿಟ್ಟ ಗೆಡ್ಡೆ ಮತ್ತೆ ಹೂ ಬಿಡುವುದಿಲ್ಲ. ಅದರ ಸುತ್ತ ಹುಟ್ಟಿಕೊಳ್ಳುವ ಮರಿಗೆಡ್ಡೆಗಳು ಬಿಡುತ್ತವೆ. ಎರಡು ಮೂರು ವರ್ಷಕ್ಕೊಮ್ಮೆ ಕಿತ್ತು, ಬಿಡಿಸಿ, ದಪ್ಪನವನ್ನು ಆರಿಸಿ ಮತ್ತೆ ನೆಡಬೇಕು. ಅಂದರೆ ದುಡ್ಡು ಕೊಡುವುದು ಒಂದೇ ಸಲ. ಕೊಳ್ಳುವಾಗ ಗೆಡ್ಡೆಯನ್ನು ಕೈಯಲ್ಲಿ ಹಿಡಿದು ನೋಡಿ. ಗಟ್ಟಿಯಾಗಿ, ಅಡ್ಡಗಲ ಎರಡು ಸೆಂಟಿಮೀಟರಿಗಿಂತ ಜಾಸ್ತಿ ಇರಬೇಕು. ಸಣ್ಣದು ಎಲೆ ಬಿಡುತ್ತದೆ, ಆ ವರ್ಷ ಹೂ ಬಿಡುವುದಿಲ್ಲ.

ನಮ್ಮ ಅತ್ತೆಗೆ ಮೊದಲಿಂದಲೂ ಹೂವು ಅಂದರೆ ದೇವರಿಗೆ, ಮುಡಿಗೆ. ಸುಗಂಧರಾಜದ ವಿಷಯದಲ್ಲಿ ಇಬ್ಬರಿಗೂ ಸರಿಹೊಂದುವ ದಾರಿ ಅವರೇ ಹುಡುಕಿದರು. ಕಡ್ಡಿಯಲ್ಲಿ ಕೆಳಗಿನ ಹೂವು ಮೊದಲು ಅರಳುತ್ತದೆ. ಎರಡು ಮೂರು ಜೊತೆ ಅರಳಿದಾಗ ಕಡ್ಡಿ ಕತ್ತರಿಸುವುದು ಸರಿಯಾದ ಹೊತ್ತು. "ಅಷ್ಟುದ್ದದ ಕಡ್ಡಿ ನನಗ್ಯಾಕಮ್ಮಾ? ಕೆಳಗಡೆ ಅರಳಿರೋದು ಬಿಡಿಸಿ ಕೊಡು, ಮಿಕ್ಕಿದ್ದು ನೀನಿಟ್ಕೋ" ಅಂದರು. ಹೇಗಿದ್ದರೂ ಕೆಳಗಿನ ಹೂವು ಮೊದಲು ಬಾಡಿ ಕಂದುವುದು. ಅದನ್ನು ಮುಂಚೆಯೇ ತೆಗೆದರೆ ಹೂದಾನಿಯ ನೀರೂ ಕೆಡುವುದಿಲ್ಲ. ಈಗ ಇದೇ ಪದ್ಧತಿ ಆಗಿಹೋಗಿದೆ.

ಪರಿಮಳ ಯಾವುದರದ್ದು ಚೆನ್ನ ಅಂತ ಕೇಳಿದರೆ ಪ್ರಜ್ವಲ್ ಅನ್ನುತ್ತೇನೆ. ಸಂಜೆ ಕತ್ತಲಾದ ಮೇಲೆ ಒಂದೇ ಕಡ್ಡಿ ಹಾಲ್‌ಗೆಲ್ಲ ಸಾಕು. ಊಟದ ಮೇಜಿನ ಮೇಲೆ ಇಡಬೇಡಿ, ಸಾರಿನ ಘಮ ತಿಳಿಯುವುದಿಲ್ಲ. ನೋಟಕ್ಕೆ ಸುವಾಸಿನಿ. ಮೊಗ್ಗಲ್ಲಿ ತುದಿಗೆ ತೆಳು ಗುಲಾಬಿ ಛಾಯೆ ಇರುತ್ತದೆ, ಅರಳಿದ ಮೇಲೆ ಬಿಳಿ. ಹಲವು ಸುತ್ತಿನ ಹೂವಾದ್ದರಿಂದ ತುದಿಯ ಮೊಗ್ಗುಗಳು ಹೂದಾನಿಯಲ್ಲಿ ಪೂರ್ತಿ ಬಿಚ್ಚಿಕೊಳ್ಳಲು ಕಷ್ಟಪಡುತ್ತವೆ. ನೀರಿಗೆ ಸ್ವಲ್ಪ ಸಕ್ಕರೆ ಹಾಕಿದರೆ ಇನ್ನಷ್ಟು ಅರಳುತ್ತವೆ.

ಐಐಎಚ್‌ಆರ್‌ನಲ್ಲಿ ಬೀಜ ಕೊಳ್ಳಲು ಈಗ ಆನ್‌ಲೈನ್ ಪೋರ್ಟಲ್ ಇದೆ. ತಳಿಯ ಹೆಸರು ನೋಡಿಯೇ ತರಿಸಬಹುದು. ನಾನು ಹೆಸರಘಟ್ಟಕ್ಕೇ ಹೋಗಿದ್ದೆ. ಬನಶಂಕರಿಯಿಂದ ಊರಿನ ಆ ತುದಿಗೆ ಹೋದ ಹಾಗೆ ಆಗುತ್ತದೆ, ಆದರೆ ಗೆಡ್ಡೆಯನ್ನು ಕೈಯಲ್ಲಿ ಹಿಡಿದು ಆರಿಸುವುದು ನನಗೆ ಇಷ್ಟ. ಹೂವಿನ ಬೀಜ, ಗೆಡ್ಡೆ ಕಾಲಕ್ಕೆ ತಕ್ಕ ಹಾಗೆ ಬರುವಂಥವು. ಹೊರಡುವ ಮುಂಚೆ ಫೋನ್ ಮಾಡಿ ವಿಚಾರಿಸಿದರೆ ಒಳ್ಳೆಯದು.

ಜಿನಿಯಾ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ, ಅಷ್ಟು ಸುಲಭ. ಸಿದ್ದಾಪುರದಲ್ಲಿ ನರ್ಸರಿಗಳು ಒಂದರ ಪಕ್ಕ ಒಂದು ಇವೆ. ಹಳೆಯ ಬೆಂಗಳೂರಿನವರಿಗೆ ಗಿಡ ಅಂದರೆ ಸಿದ್ದಾಪುರ. ನಾನು ಹೋದ ಅಂಗಡಿಯವರು ಕೇಳಿದ ಮೊದಲ ಪ್ರಶ್ನೆಯೇ "ಕುಂಡಕ್ಕಾ ಮೇಡಂ, ಕಟಿಂಗ್‌ಗಾ?" ಅಂತ. ಈ ಒಂದು ಪ್ರಶ್ನೆಗೆ ಅವರಿಗೆ ಪೂರ್ತಿ ಅಂಕ ಕೊಡಬೇಕು. ಎತ್ತರದ ಡಬಲ್ ಜಿನಿಯಾ ಕೊಟ್ಟರು. ಜನವರಿ ಕೊನೆಗೆ ನೇರವಾಗಿ ಬ್ಯಾಗ್‌ಗೇ ಬಿತ್ತಿದೆ. ಎರಡು ತಿಂಗಳಿಗೆಲ್ಲ ಹೂವು. ಬಿಸಿಲು ಎಷ್ಟಿದ್ದರೂ ಹೆದರುವ ಗಿಡ ಅಲ್ಲ. ಗಿಡ ಗೇಣುದ್ದ ಆದಾಗ ತುದಿ ಚಿವುಟಬೇಕು. ಆಗ ಬದಿಯಿಂದ ಉದ್ದ ಕಡ್ಡಿಗಳು ಏಳುತ್ತವೆ. ಕತ್ತರಿಸಿದಷ್ಟೂ ಬರುತ್ತದೆ.

ಜಿನಿಯಾ ಯಾವಾಗ ಕತ್ತರಿಸಬೇಕು ಅನ್ನುವುದಕ್ಕೆ ಒಂದು ಪರೀಕ್ಷೆ ಇದೆ. ಹೂವಿನಿಂದ ಒಂದು ಗೇಣು ಕೆಳಗೆ ಕಡ್ಡಿ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಹೂವಿನ ತಲೆ ತೂಗಾಡಿದರೆ ಇನ್ನೂ ಎಳಸು, ಕತ್ತರಿಸಿದರೆ ಸಂಜೆಯೊಳಗೆ ಕುತ್ತಿಗೆ ಬೀಳುತ್ತದೆ. ಕಡ್ಡಿಯ ಜೊತೆ ನೆಟ್ಟಗೆ ಅಲ್ಲಾಡಿದರೆ ಆಯಿತು, ಕತ್ತರಿಸಿ. ಫ್ರಿಜ್‌ನಲ್ಲಿ ಮಾತ್ರ ಇಡಬೇಡಿ, ಜಿನಿಯಾಕ್ಕೆ ಚಳಿ ಆಗುವುದಿಲ್ಲ. ಮೇ ಮಳೆ ಬಿದ್ದ ಮೇಲೆ ಎಲೆಗೆ ಬೂದಿ ರೋಗ ಬರುತ್ತದೆ. ಬಂದರೆ ಆ ಗಿಡ ಕಿತ್ತು ಹೊಸ ಬೀಜ ಹಾಕುವುದೇ ಮೇಲು.

ಈಗ ಆ ಆನ್‌ಲೈನ್ ಕಿಟ್. ಹೆಸರು ಬೇಡ. ಇಂಥವು ಬೇಕಾದಷ್ಟಿವೆ, ಎಲ್ಲದಕ್ಕೂ ಈ ಮಾತು ಅನ್ವಯಿಸುತ್ತದೆ. ಚೆಂದದ ರಟ್ಟಿನ ಡಬ್ಬಿ, ಕೊಕೊಪೀಟ್ ಬಿಲ್ಲೆಗಳು, ಪುಟ್ಟ ಮರದ ಹೆಸರುಕಡ್ಡಿಗಳು, ಬಣ್ಣ ಬಣ್ಣದ ಪೊಟ್ಟಣಗಳು. ಬೆಲೆ ₹899. ಫೆಬ್ರುವರಿಯಲ್ಲಿ ಮನೆಗೆ ಬಂತು. ಒಳಗೆ ಸ್ವೀಟ್ ಪೀ, ಲಾರ್ಕ್‌ಸ್ಪರ್, ಸ್ನಾಪ್‌ಡ್ರ್ಯಾಗನ್, ಸ್ಟಾಕ್, ಜೊತೆಗೆ ಕಾಸ್ಮಾಸ್. ಮೊದಲಿನ ನಾಲ್ಕೂ ತಂಪು ಬೇಕೆನ್ನುವ ಹೂವುಗಳು. ಬೆಂಗಳೂರಿನಲ್ಲಿ ಅಕ್ಟೋಬರ್‌ನಲ್ಲಿ ಹಾಕಿದರೆ ಚಳಿಗಾಲದಲ್ಲಿ ಚೆನ್ನಾಗಿ ಬರುತ್ತವೆ. ಏಪ್ರಿಲ್‌ನ 35 ಡಿಗ್ರಿಯಲ್ಲಿ ಬರುವುದಿಲ್ಲ.

ಕೈಪಿಡಿ ತೆರೆದರೆ "ಕೊನೆಯ ಹಿಮ ಕಳೆದ ಮೇಲೆ ಬಿತ್ತಿ" ಅಂತ ಇದೆ! ಯಾವ ಹಿಮ? ತಣ್ಣನೆಯ ದೇಶದ ಬೇಸಿಗೆಯ ಲೆಕ್ಕವನ್ನು ಹಾಗೇ ಎತ್ತಿ ಇಲ್ಲಿ ಅಚ್ಚು ಹಾಕಿದ್ದಾರೆ. ಅಲ್ಲಿಯ ಬೇಸಿಗೆ ಜೂನ್‌ನಿಂದ ಆಗಸ್ಟ್, ನಮ್ಮಲ್ಲಿ ಆಗ ಮಳೆ. ಇದನ್ನು ನಂಬಿ ಎಷ್ಟೋ ಜನ ಮೊದಲ ಸಲ ಗಿಡ ಹಾಕುತ್ತಾರೆ. ಬರದಿದ್ದರೆ ತಮ್ಮ ಕೈಗುಣವೇ ಸರಿಯಿಲ್ಲ ಅಂದುಕೊಂಡು ಸುಮ್ನಾಗುತ್ತಾರೆ. ನನಗೆ ಬೇಜಾರಾಗುವುದು ಇದಕ್ಕೇ. ತಪ್ಪು ಅವರದ್ದಲ್ಲ.

ಪೊಟ್ಟಣದ ಮೇಲೆ ಬೀಜ ಪರೀಕ್ಷೆ ಮಾಡಿದ ದಿನ ಇರಲಿಲ್ಲ, ಮೊಳಕೆಯ ಪ್ರಮಾಣ ಇರಲಿಲ್ಲ, ಎಲ್ಲಿಯವರೆಗೆ ಬಳಸಬಹುದು ಅಂತಲೂ ಇರಲಿಲ್ಲ. ಎತ್ತರದ ಮಾತಂತೂ ಇಲ್ಲವೇ ಇಲ್ಲ. ದೂರು ಕೊಟ್ಟೆ. ಬೀಜಕ್ಕೆ ರಿಟರ್ನ್ ಇಲ್ಲ ಅಂತ ಉತ್ತರ ಬಂತು. ಕಾಸ್ಮಾಸ್ ಒಂದು ಮಾತ್ರ ಹುಟ್ಟಿ ಸೊಗಸಾಗಿ ಬಂತು. ಕಾಸ್ಮಾಸ್ ಎಲ್ಲಿ ಹಾಕಿದರೂ ಬರುತ್ತದೆ ಬಿಡಿ, ಅದಕ್ಕೆ ಕಿಟ್ ಬೇಕಿಲ್ಲ. ಮೊಗ್ಗಿನ ಎಸಳು ಈಗಷ್ಟೇ ಬಿಚ್ಚಿಕೊಳ್ಳುತ್ತಿರುವಾಗ ಕತ್ತರಿಸಿದರೆ ನಾಲ್ಕೈದು ದಿನ ಇರುತ್ತದೆ. ನಿಮ್ಮ ಹತ್ತಿರ ಇಂಥ ಕಿಟ್ ಈಗಾಗಲೇ ಇದ್ದರೆ ಎಸೆಯಬೇಡಿ. ಪೊಟ್ಟಣಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಟ್ಟು, ಅಕ್ಟೋಬರ್‌ನಲ್ಲಿ ಒಂದು ಕೈ ನೋಡಿ.

ಬೇಸಿಗೆಯಲ್ಲಿ ಹೂ ಬೆಳೆಯುವುದು ಅಂದರೆ ನೀರಿನ ಮಾತು ಬರಲೇಬೇಕು. 2024ರ ಮಾರ್ಚ್‌ನಲ್ಲಿ ಜಲಮಂಡಳಿಯವರು ಕುಡಿಯುವ ನೀರನ್ನು ಗಿಡಕ್ಕೆ, ಕಾರು ತೊಳೆಯಲು ಬಳಸಿದರೆ ₹5000 ದಂಡ ಅಂತ ಆದೇಶ ಹೊರಡಿಸಿದ್ದು ನೆನಪಿದೆಯಲ್ಲ. ಆಗಿನಿಂದ ನಮ್ಮ ಮನೆಯಲ್ಲಿ ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಬಕೆಟ್‌ಗೆ ಹೋಗುತ್ತದೆ, ಅಲ್ಲಿಂದ ತಾರಸಿಗೆ. ಬ್ಯಾಗ್‌ನ ಮಣ್ಣಿನ ಮೇಲೆ ಒಣ ಎಲೆ, ತೆಂಗಿನ ನಾರು ಹೊದಿಸಿದ್ದೇನೆ. ನೀರು ಬೇಗ ಆರುವುದಿಲ್ಲ. ಬೆಳಿಗ್ಗೆ ಏಳರ ಒಳಗೆ ಬುಡಕ್ಕೆ ನೀರು, ಎಲೆ ಮೇಲೆ ಹಾಕುವುದಿಲ್ಲ. ಕುಡಿಯುವ ನೀರು ಶುದ್ಧ ಮಾಡುವ ಆರ್‌ಒ ಯಂತ್ರ ಹೊರಗೆ ಬಿಡುವ ವ್ಯರ್ಥ ನೀರಲ್ಲಿ ಉಪ್ಪಿನಂಶ ಜಾಸ್ತಿ. ಅದನ್ನೊಂದನ್ನೇ ದಿನಾ ಹಾಕಬೇಡಿ.

ಕತ್ತರಿಸಿದ ಮೇಲಿನ ಕೆಲಸವೂ ಬೆಳೆಸುವಷ್ಟೇ ಮುಖ್ಯ. ಬಿಸಿಲೇರುವ ಮುಂಚೆ, ಚೂಪಾದ ಕತ್ತರಿ, ಪಕ್ಕದಲ್ಲಿ ನೀರಿನ ಬಕೆಟ್. ಕತ್ತರಿಸಿದ ಕೂಡಲೇ ಕಡ್ಡಿ ನೀರಿಗೆ. ನೀರಲ್ಲಿ ಮುಳುಗುವ ಎಲೆಗಳನ್ನೆಲ್ಲ ತೆಗೆಯಬೇಕು, ಅದರಲ್ಲೂ ಆಸ್ಟರ್‌ನದು. ಹೂವಿಗಿಂತ ಮುಂಚೆ ಎಲೆ ಕೊಳೆತು ನೀರು ನಾರುತ್ತದೆ. ಬಕೆಟ್‌ನಲ್ಲೇ ಒಂದೆರಡು ಗಂಟೆ ನೆರಳಲ್ಲಿ ಬಿಟ್ಟು, ಆಮೇಲೆ ತುದಿಯನ್ನು ಓರೆಯಾಗಿ ಕತ್ತರಿಸಿ ಹೂದಾನಿಗೆ. ಒಂದು ಲೀಟರ್ ನೀರಿಗೆ ಒಂದು ಚಮಚ ಸಕ್ಕರೆ, ಅರ್ಧ ನಿಂಬೆಹಣ್ಣಿನ ರಸ. ಸಕ್ಕರೆ ಮೊಗ್ಗು ಅರಳಲು, ನಿಂಬೆ ನೀರು ಬೇಗ ಕೆಡದಿರಲು. ದಿನ ಬಿಟ್ಟು ದಿನ ನೀರು ಬದಲಾಯಿಸಿ.

ಹಸಿರಿಗೆ ಅಂತ ನಾನು ಏನನ್ನೂ ಕೊಂಡಿಲ್ಲ. ಕಾಮಕಸ್ತೂರಿ ಕಡ್ಡಿ ಇದೆ, ದವನ ಇದೆ. ಸಬ್ಬಸಿಗೆ ಸೊಪ್ಪನ್ನು ಕೊಯ್ಯದೆ ಬಿಟ್ಟರೆ ಎರಡಡಿ ಎತ್ತರಕ್ಕೆ ಹೋಗಿ ಹಳದಿ ಕೊಡೆಯ ಹಾಗೆ ಹೂ ಬಿಡುತ್ತದೆ. ಗುಲಾಬಿ ಬಣ್ಣದ ಕಾಮಿನಿಯ ಮಧ್ಯೆ ಆ ಹಳದಿ ಹೂವು, ಪಕ್ಕದಲ್ಲಿ ಎರಡು ಕಡ್ಡಿ ಸುಗಂಧರಾಜ. ನಮ್ಮ ಅಕ್ಕ ಏಪ್ರಿಲ್‌ನಲ್ಲಿ ಸ್ಕೂಲಿನಿಂದ ರಿಟೈರ್ ಆದಾಗ ಇದನ್ನೇ ಬಾಳೆನಾರಿನಲ್ಲಿ ಕಟ್ಟಿ ಒಯ್ದೆ. ಪ್ಲಾಸ್ಟಿಕ್ ಕಾಗದ ಇಲ್ಲ, ಥರ್ಮಾಕೋಲ್ ಇಲ್ಲ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೇಳಿದ್ದು ಆಸ್ಟರ್ ಬೀಜ ಎಲ್ಲಿ ಸಿಗುತ್ತದೆ ಅಂತಲೇ. ಅಂಗಡಿಯಲ್ಲಿ ಅಷ್ಟು ದೊಡ್ಡ ಬೊಕೆಗೆ ₹500ಕ್ಕೆ ಕಡಿಮೆ ಇಲ್ಲ.

ಯಾರು ಯಾವುದು ಕೊಳ್ಳಬೇಕು ಅಂದರೆ, ಮೊದಲ ಸಲ ಹಾಕುವವರು ಎತ್ತರದ ಜಿನಿಯಾದಿಂದ ಶುರು ಮಾಡಿ. ನಾಲ್ಕು ತಿಂಗಳು ಕಾಯುವ ತಾಳ್ಮೆ ಇದ್ದವರಿಗೆ ಕಾಮಿನಿ. ನೆಲ ಇರುವ ಮನೆಯವರು ಸುಗಂಧರಾಜ ಬಿಡಲೇಬಾರದು. ಸೂರ್ಯಕಾಂತಿ ಬೇಕೆನ್ನುವವರು ಎಣ್ಣೆಕಾಳಿನ ತಳಿ ತರಬೇಡಿ, ಪರಾಗ ಉದುರಿ ಮೇಜಿನ ಬಟ್ಟೆಯೆಲ್ಲ ಹಳದಿಯಾಗುತ್ತದೆ. ಪರಾಗ ಇಲ್ಲದ ತಳಿ ಅಂತಲೇ ಕೇಳಿ. ಕಿಟ್‌ಗಳನ್ನು ಉಡುಗೊರೆ ಕೊಡುವ ಯೋಚನೆ ಇದ್ದರೆ ಬೇಡ, ಆ ದುಡ್ಡಿಗೆ ಹಿಡಿ ತುಂಬ ಸುಗಂಧರಾಜದ ಗೆಡ್ಡೆ ಕೊಡಿ.

ಈ ಸಲ ನನ್ನ ಹೂದಾನಿಯಲ್ಲಿ ಗುಂಡನೆಯ ಬಿಳಿ ಹೂವು ಕಡಿಮೆ ಬಿತ್ತು. ನವೆಂಬರ್‌ಗೆ ಪೂರ್ಣಿಮಾ ಬರೆದಿಟ್ಟುಕೊಂಡಿದ್ದೇನೆ.